ಪರಂಪಳ್ಳಿ ಯಜ್ಞನಾರಾಯಣ ಮಯ್ಯ

ಪರಂಪಳ್ಳಿ ಯಜ್ಞನಾರಾಯಣ ಮಯ್ಯ (ನಿಧನ: 1968) ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಉಪಾಹಾರ ಮಂದಿರವನ್ನು ಕಟ್ಟಿ ಬೆಳೆಸಿದ ಪಾಕಪ್ರವೀಣರು ಹಾಗೂ ಉದ್ಯಮಿ. ಯಜ್ಞಪ್ಪ ಎಂಬ ಹೆಸರಿನಿಂದಲೂ ಪರಿಚಿತರಾಗಿದ್ದರು. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದ ದಿನಗಳಲ್ಲಿ ರೂಪುಗೊಂಡ ರವೆ ಇಡ್ಲಿ, ಉಪಾಹಾರ ಮಂದಿರದ ಅಡುಗೆಮನೆಯಲ್ಲಿ ಹಬೆಯಿಂದ ಪಾತ್ರೆ ಶುದ್ಧೀಕರಿಸುವ ಪದ್ಧತಿ, ಗ್ರಾಹಕರು ಅಡುಗೆಮನೆಯನ್ನು ಹಾದುಹೋಗಿ ಊಟದ ಕೋಣೆ ಸೇರಬೇಕೆಂಬ ನಿಯಮ ಇವು ಅವರ ಕಾಲದ ಎಂ.ಟಿ.ಆರ್.ನೊಂದಿಗೆ ಬೆಸೆದುಕೊಂಡಿರುವ ಸಂಗತಿಗಳು. ಅವರ ನಿಧನದ ಏಳೆಂಟು ವರ್ಷಗಳ ತರುವಾಯ ಇದೇ ಅಡುಗೆಮನೆಯ ತಿಂಡಿಗಳು ಒಣಮಿಶ್ರಣದ ರೂಪದಲ್ಲಿ ಪೊಟ್ಟಣ ಸೇರಿ, ಕರ್ನಾಟಕದ ಉಪಾಹಾರವು ಕಾರ್ಖಾನೆಯ ಉತ್ಪನ್ನವಾಗುವ ಅಧ್ಯಾಯ ಆರಂಭವಾಯಿತು.

ಹುಟ್ಟೂರು ಮತ್ತು ಹಿನ್ನೆಲೆ

ಮಯ್ಯರ ಮನೆತನದ ಮೂಲ ಈಗಿನ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಸಮೀಪದ ಪರಂಪಳ್ಳಿ. ಊರಿನ ಹೆಸರೇ ಮನೆತನದ ಹೆಸರಾಗಿ ಅವರ ಹೆಸರಿನ ಮುಂದೆ ನಿಂತಿತು. ಆ ಕಾಲದಲ್ಲಿ ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಸಾಲಿಗ್ರಾಮದ ಗುರುನರಸಿಂಹ ದೇವಾಲಯವನ್ನು ಕೇಂದ್ರವಾಗಿ ಉಳ್ಳ ಕೋಟ ಬ್ರಾಹ್ಮಣ ಸಮುದಾಯದಲ್ಲಿ ವೈದಿಕವೃತ್ತಿ, ಬೇಸಾಯ ಮತ್ತು ಅಡುಗೆ ಇವು ಪರಂಪರಾಗತ ಜೀವನೋಪಾಯಗಳಾಗಿದ್ದವು. ಅವಿಭಕ್ತ ಕುಟುಂಬಗಳು ದೊಡ್ಡವು, ಗದ್ದೆ ಅಲ್ಪ, ಮಳೆಗಾಲ ದೀರ್ಘ. ಹೀಗಾಗಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಈ ಕರಾವಳಿಯ ಹಳ್ಳಿಗಳಿಂದ ತರುಣರು ಘಟ್ಟವನ್ನು ಹತ್ತಿ ಮೈಸೂರು ಸೀಮೆಗೂ, ಮದರಾಸು ಹಾಗೂ ಮುಂಬಯಿ ನಗರಗಳಿಗೂ ಉದ್ಯೋಗವನ್ನು ಅರಸಿ ಹೊರಟರು.

ಅವರ ಬಳಿ ಬಂಡವಾಳವಿರಲಿಲ್ಲ, ಇಂಗ್ಲಿಷ್ ವಿದ್ಯೆಯೂ ಹೆಚ್ಚಿನವರಿಗೆ ಇರಲಿಲ್ಲ. ದೇವಾಲಯದ ಸಂತರ್ಪಣೆಗಳಲ್ಲಿಯೂ ಮನೆಯ ಸಮಾರಂಭಗಳಲ್ಲಿಯೂ ನೂರಾರು ಜನರಿಗೆ ಒಂದೇ ರುಚಿಯ ಅಡುಗೆಯನ್ನು ಹೊತ್ತಿಗೆ ಸರಿಯಾಗಿ ಬಡಿಸುವ ಅಭ್ಯಾಸವೊಂದು ಮಾತ್ರ ಅವರ ಕೈಯಲ್ಲಿತ್ತು. ಆಧುನಿಕ ಪರಿಭಾಷೆಯಲ್ಲಿ ಸಾಮೂಹಿಕ ಉತ್ಪಾದನೆ ಎನ್ನುವುದರ ಮೂಲಗುಣಗಳಾದ ಪ್ರಮಾಣ, ಸಮಯಪಾಲನೆ ಮತ್ತು ಏಕರೂಪತೆ ಈ ಅಭ್ಯಾಸದಲ್ಲಿಯೇ ಅಡಗಿದ್ದವು. ಉಡುಪಿ ಹೋಟೆಲು ಎಂಬ ಹೆಸರು ದೇಶದ ನಾನಾ ಪಟ್ಟಣಗಳಲ್ಲಿ ಹರಡಲು ಇದೇ ಕಾರಣ.

ಬೆಂಗಳೂರಿಗೆ ಆಗಮನ

ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ ಮತ್ತು ಯಜ್ಞನಾರಾಯಣ ಮಯ್ಯ ಸಹೋದರರು. ಬೆಂಗಳೂರಿಗೆ ಬಂದ ಸಹೋದರರು ಮೊದಲು ಅನುಕೂಲಸ್ಥರ ಮನೆಗಳಲ್ಲಿ ಅಡುಗೆಯ ಕೆಲಸದಲ್ಲಿದ್ದರು. ಆಗಿನ ಬೆಂಗಳೂರು ಎರಡು ಭಾಗಗಳ ಊರು. ಒಂದು ಕಡೆ ಮೈಸೂರು ಅರಸರ ಆಡಳಿತಕ್ಕೆ ಒಳಪಟ್ಟ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ಆಡಳಿತದಲ್ಲಿದ್ದ ದಂಡುಪ್ರದೇಶ. ಪೇಟೆಯ ಭಾಗದಲ್ಲಿ ಸರಕಾರಿ ಕಚೇರಿಗಳು, ಶಾಲಾ ಕಾಲೇಜುಗಳು, ಗಿರಣಿಗಳು ಹೆಚ್ಚಿದಂತೆಲ್ಲ ಮನೆಯಿಂದ ದೂರವಿದ್ದು ದುಡಿಯುವ ಹಾಗೂ ಓದುವ ಜನರ ಸಂಖ್ಯೆ ಬೆಳೆಯಿತು. ಅವರಿಗೆ ಬೆಳಗಿನ ತಿಂಡಿ ಮತ್ತು ಕಾಫಿಯನ್ನು ಒದಗಿಸುವ ಸ್ಥಳಗಳು ಬೇಕಾಗಿದ್ದವು.

ಬ್ರಾಹ್ಮಣ ಕಾಫಿ ಕ್ಲಬ್

1924ರಲ್ಲಿ ಮಯ್ಯ ಸಹೋದರರು ಲಾಲ್‌ಬಾಗ್ ಪರಿಸರದಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಸಣ್ಣ ಉಪಾಹಾರ ಗೃಹವನ್ನು ತೆರೆದರು. ಕಾಫಿ ಮತ್ತು ಇಡ್ಲಿ ಅಲ್ಲಿನ ಮುಖ್ಯ ಪದಾರ್ಥಗಳಾಗಿದ್ದವು. ಕಾಫಿ ಕ್ಲಬ್ ಎಂಬುದು ಆ ಕಾಲದ ದಕ್ಷಿಣ ಭಾರತದಲ್ಲಿ ಉಪಾಹಾರ ಗೃಹಗಳಿಗೆ ರೂಢಿಯಲ್ಲಿದ್ದ ಹೆಸರು. ಅದರ ಹಿಂದಿನ ಬ್ರಾಹ್ಮಣ ಎಂಬ ವಿಶೇಷಣವೂ ಅಂದಿನ ನಾಮಫಲಕಗಳಲ್ಲಿ ಸಾಮಾನ್ಯವಾಗಿತ್ತು. ಅಡುಗೆ ಮಾಡುವವರು ಯಾರು ಎಂಬುದನ್ನು ವಿಚಾರಿಸದೆ ಹೊರಗೆ ಉಣ್ಣಲು ಹಿಂಜರಿಯುತ್ತಿದ್ದ ಸಮಾಜದಲ್ಲಿ ಈ ಶಬ್ದವು ಒಂದು ಬಗೆಯ ಭರವಸೆಯ ಮುದ್ರೆಯಾಗಿ ಬಳಕೆಯಾಗುತ್ತಿತ್ತು. ಜಾತಿಗೆ ತಕ್ಕಂತೆ ಪಂಕ್ತಿಗಳು ಬೇರ್ಪಟ್ಟಿದ್ದ ಕಾಲವದು. ಮುಂದಿನ ಮೂರೂವರೆ ದಶಕಗಳಲ್ಲಿ ಈ ಸಂಸ್ಥೆಯಲ್ಲಿ ನಡೆದ ಬದಲಾವಣೆಗಳನ್ನು ಗ್ರಹಿಸಲು ಈ ಹಿನ್ನೆಲೆ ಅವಶ್ಯವಾಗಿದೆ.

1929ರಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡರು. ಸ್ಥಾಪನೆಯಾಗಿ ಐದೇ ವರ್ಷಗಳಾಗಿದ್ದ ಉಪಾಹಾರ ಗೃಹದ ಭಾರ ಗಣಪ್ಪಯ್ಯ ಮಯ್ಯರ ಮೇಲೆ ಬಿದ್ದಿತು. ಅವರಿಗೆ ನೆರವಾಗಲು ಯಜ್ಞನಾರಾಯಣ ಮಯ್ಯರು ಮುಂದೆ ಬಂದರು. ಅಲ್ಲಿಂದ ತಮ್ಮ ಅಂತ್ಯದವರೆಗೆ, ಹೆಚ್ಚುಕಡಿಮೆ ನಾಲ್ಕು ದಶಕಗಳ ಕಾಲ, ಅವರ ಬದುಕು ಮತ್ತು ಸಂಸ್ಥೆಯ ಚರಿತ್ರೆ ಒಂದೇ ಆಗಿ ಹೋದವು.

ಯುದ್ಧಕಾಲ ಮತ್ತು ರವೆ ಇಡ್ಲಿ

1942ರ ಮಾರ್ಚಿಯಲ್ಲಿ ರಂಗೂನು ಜಪಾನಿಯರ ವಶವಾಯಿತು. ಅದರೊಂದಿಗೆ ಬರ್ಮಾದಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿಯ ಆಮದು ನಿಂತುಹೋಯಿತು. 1943ರಲ್ಲಿ ಬಂಗಾಳವು ಘೋರ ಕ್ಷಾಮಕ್ಕೆ ತುತ್ತಾಯಿತು. ಅಕ್ಕಿಯನ್ನು ಅವಲಂಬಿಸಿದ ದಕ್ಷಿಣದ ಪ್ರದೇಶಗಳಲ್ಲಿ ಧಾನ್ಯದ ಬೆಲೆ ಏರಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಬೆಂಗಳೂರಿನಲ್ಲಿ ಸೇನೆಯ ಜಮಾವಣೆಯೂ ಹೆಚ್ಚಾಗಿದ್ದುದರಿಂದ ಆಹಾರದ ಬೇಡಿಕೆ ಇಮ್ಮಡಿಸಿತ್ತು. ಇಡ್ಲಿಯನ್ನೇ ಆಧಾರವಾಗಿಟ್ಟುಕೊಂಡ ಉಪಾಹಾರ ಗೃಹಕ್ಕೆ ಅಕ್ಕಿಯಿಲ್ಲವೆಂದರೆ ಬಾಗಿಲು ಮುಚ್ಚುವ ಸ್ಥಿತಿ.

ಈ ಸಂಕಟದಲ್ಲಿ ಗೋಧಿಯ ರವೆಯಿಂದ ಇಡ್ಲಿಯನ್ನು ಬೇಯಿಸುವ ಪ್ರಯೋಗ ಎಂ.ಟಿ.ಆರ್. ಅಡುಗೆಮನೆಯಲ್ಲಿ ನಡೆಯಿತೆಂದೂ, ರವೆ ಇಡ್ಲಿಯು ಹೀಗೆ ಹುಟ್ಟಿತೆಂದೂ ಸಂಸ್ಥೆಯು ಹೇಳಿಕೊಂಡು ಬಂದಿದೆ. ಈ ಮಾತು ಕರ್ನಾಟಕದಲ್ಲಿ ವ್ಯಾಪಕವಾಗಿ ಒಪ್ಪಿತವಾಗಿದೆ. ಹುರಿದ ರವೆ, ಮೊಸರು, ಅಡುಗೆ ಸೋಡಾ, ತುಪ್ಪದಲ್ಲಿ ಹುರಿದ ಸಾಸಿವೆ, ಗೋಡಂಬಿ, ಕರಿಬೇವು, ಕೊತ್ತಂಬರಿ ಇವುಗಳನ್ನು ಕೂಡಿಸಿ ಹಬೆಯಲ್ಲಿ ಬೇಯಿಸಿದ ಈ ತಿಂಡಿಯನ್ನು ಆಲೂಗಡ್ಡೆಯ ಸಾಗು, ಚಟ್ನಿ ಮತ್ತು ತುಪ್ಪದೊಡನೆ ಬಡಿಸುವುದು ರೂಢಿಯಾಯಿತು. ಅಭಾವ ಕಾಲದ ಬದಲಿ ಪದಾರ್ಥವಾಗಿ ಬಂದದ್ದು ಅಕ್ಕಿ ಮತ್ತೆ ಸಮೃದ್ಧವಾಗಿ ದೊರೆತ ಮೇಲೂ ಉಳಿದುಕೊಂಡಿತು.

ಇಡ್ಲಿಯ ಪೂರ್ವೇತಿಹಾಸ

ಇಡ್ಲಿಯ ಉಲ್ಲೇಖವು ಕನ್ನಡ ಸಾಹಿತ್ಯದಲ್ಲಿ ಬಹು ಹಿಂದಿನದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಎಂಬ ಭಕ್ಷ್ಯದ ಹೆಸರಿದೆ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಅದರ ಪಾಕವಿಧಾನ ಬಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿಯೂ ಅದು ಇದೆ. ಆಹಾರ ಚರಿತ್ರಕಾರ ಕೆ. ಟಿ. ಅಚ್ಚಯ್ಯನವರು ಈ ಹಳೆಯ ವಿವರಣೆಗಳಲ್ಲಿ ಉದ್ದಿನ ಹಿಟ್ಟು ಮಾತ್ರ ಇದ್ದು ಅಕ್ಕಿಯ ಪ್ರಸ್ತಾಪವಿಲ್ಲ ಎಂಬುದನ್ನು ಗಮನಕ್ಕೆ ತಂದಿದ್ದಾರೆ. ಎಂದರೆ ಅಕ್ಕಿಯಿಲ್ಲದ ಇಡ್ಲಿ ಕನ್ನಡನಾಡಿಗೆ ಸರ್ವಥಾ ಹೊಸದಲ್ಲ. ಕಾಲಕಾಲಕ್ಕೆ ದೊರೆತ ಧಾನ್ಯಕ್ಕೆ ತಕ್ಕಂತೆ ಮಾರ್ಪಡುತ್ತ ಬಂದ ಒಂದು ಪಾಕಕ್ಕೆ ಯುದ್ಧಕಾಲವು ಮತ್ತೊಂದು ತಿರುವನ್ನು ಕೊಟ್ಟಿತು.

ತಯಾರಿಕೆಯ ತತ್ತ್ವ

ಅಕ್ಕಿ ಇಡ್ಲಿಗೂ ರವೆ ಇಡ್ಲಿಗೂ ಇರುವ ವ್ಯತ್ಯಾಸವು ಧಾನ್ಯದ ವ್ಯತ್ಯಾಸ ಮಾತ್ರವಲ್ಲ. ಅಕ್ಕಿ ಇಡ್ಲಿಗೆ ಉದ್ದು ಮತ್ತು ಅಕ್ಕಿಯನ್ನು ನೆನೆಯಿಸಿ, ರುಬ್ಬಿ, ರಾತ್ರಿಯಿಡೀ ಹುದುಗಲು ಬಿಡಬೇಕು. ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಮೊದಲಾದ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿ ಅನಿಲವನ್ನು ಉತ್ಪಾದಿಸಿ ಅದನ್ನು ಉಬ್ಬಿಸುತ್ತವೆ. ಈ ಕ್ರಿಯೆ ಋತುಮಾನವನ್ನು ಅವಲಂಬಿಸಿದ್ದು. ಬೇಸಿಗೆಯಲ್ಲಿ ಹಿಟ್ಟು ಬೇಗ ಹುಳಿಯಾಗುತ್ತದೆ, ಮಾಗಿಯ ಚಳಿಯಲ್ಲಿ ಉಬ್ಬುವುದೇ ತಡ. ರುಬ್ಬುವ ಕಲ್ಲಿನ ಮುಂದೆ ಗಂಟೆಗಟ್ಟಲೆ ದುಡಿಯುವ ಕೈಗಳೂ ಬೇಕು.

ರವೆ ಇಡ್ಲಿಯಲ್ಲಿ ಈ ಕೆಲಸವನ್ನು ಮೊಸರಿನ ಆಮ್ಲ ಮತ್ತು ಸೋಡಾ ನಿರ್ವಹಿಸುತ್ತವೆ. ಇವೆರಡೂ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟು ಕೆಲವೇ ನಿಮಿಷಗಳಲ್ಲಿ ಹಗುರಾಗುತ್ತದೆ. ರುಬ್ಬುವುದೂ ಇಲ್ಲ, ರಾತ್ರಿ ಕಾಯುವುದೂ ಇಲ್ಲ. ಮೊಸರನ್ನು ಹೊರತುಪಡಿಸಿದರೆ ಮಿಕ್ಕ ಸಾಮಗ್ರಿಗಳನ್ನು ಒಣಗಿದ ಸ್ಥಿತಿಯಲ್ಲಿಯೇ ಕೂಡಿಸಿಡಬಹುದು. ರವೆಯನ್ನು ಹುರಿಯುವುದರಿಂದ ತೇವಾಂಶ ಕಡಿಮೆಯಾಗಿ ಹುಳು ಹಿಡಿಯುವ ಸಂಭವವೂ ತಗ್ಗುತ್ತದೆ. ಅಕ್ಕಿ ಇಡ್ಲಿಯ ಹಿಟ್ಟನ್ನು ದೂರದ ಊರಿಗೆ ಕಳುಹಿಸುವುದು ಅಂದು ಅಸಾಧ್ಯವಾಗಿತ್ತು, ರವೆ ಇಡ್ಲಿಯ ಮಿಶ್ರಣವನ್ನು ಕಳುಹಿಸುವುದು ಸಾಧ್ಯವಿತ್ತು. ಅಕ್ಕಿಯ ಅಭಾವವನ್ನು ನೀಗಿಸಲು ಮಾಡಿದ ಈ ಪ್ರಯೋಗದೊಳಗೆ ಮುಂದಿನ ತಲೆಮಾರಿನ ಪೊಟ್ಟಣದ ಉದ್ಯಮದ ಬೀಜ ಹೀಗೆ ಹುದುಗಿತ್ತು.

ಯುರೋಪ್ ಪ್ರವಾಸ

1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಪ್ರಯಾಣ ಮಾಡಿದರು. ಅಲ್ಲಿನ ಉಪಾಹಾರ ಮಂದಿರಗಳು ಹೇಗೆ ನಡೆಯುತ್ತವೆ ಎಂಬುದನ್ನು ಕಣ್ಣಾರೆ ಕಾಣುವುದು ಅವರ ಉದ್ದೇಶವಾಗಿತ್ತು. ಸಮುದ್ರಯಾನವನ್ನು ನಿಷಿದ್ಧವೆಂದು ಭಾವಿಸುತ್ತಿದ್ದ ಸಂಪ್ರದಾಯದ ನೆನಪು ಇನ್ನೂ ಮಾಸಿರದ ಕಾಲದಲ್ಲಿ, ಕಾಫಿ ಕ್ಲಬ್ಬಿನ ಯಜಮಾನರೊಬ್ಬರು ತಮ್ಮ ಕಸುಬನ್ನು ಕಲಿಯಲೆಂದೇ ವಿದೇಶಕ್ಕೆ ಹೋದದ್ದು ಅಪರೂಪದ ಸಂಗತಿ.

ಆ ವರ್ಷದ ಬ್ರಿಟನ್ ಯುದ್ಧದ ಆಘಾತದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಮಾಂಸ, ಸಕ್ಕರೆ, ಚಹಾ ಮೊದಲಾದವು ಪಡಿತರದಲ್ಲಿಯೇ ದೊರೆಯುತ್ತಿದ್ದವು. ಅಲ್ಲಿ ಪಡಿತರ ಪದ್ಧತಿ ಪೂರ್ಣವಾಗಿ ಮುಗಿದದ್ದು 1954ರಲ್ಲಿ. ಆದರೂ ಸಾರ್ವಜನಿಕ ಭೋಜನದ ವ್ಯವಸ್ಥೆ ಶಿಸ್ತಿನಿಂದ ನಡೆಯುತ್ತಿತ್ತು. ಲಂಡನ್ನಿನಲ್ಲಿ ಚಹಾ ಅಂಗಡಿಗಳ ಜಾಲವನ್ನು ಹೊಂದಿದ್ದ ಲಯನ್ಸ್ ಸಂಸ್ಥೆ ತನ್ನ ಬೇಕರಿಯ ಲೆಕ್ಕಾಚಾರಕ್ಕೆ ಸ್ವತಃ ನಿರ್ಮಿಸಿಕೊಂಡ ಗಣಕಯಂತ್ರವನ್ನು ಬಳಸತೊಡಗಿದ್ದು ಅದೇ 1951ರಲ್ಲಿ. ಬನ್ನು, ಕೇಕುಗಳಂತಹ ಸಾಧಾರಣ ತಿನಿಸಿನ ತಯಾರಿಕೆಯೂ ಅಳತೆ, ದಾಖಲೆ ಮತ್ತು ಯಂತ್ರಗಳ ವಿಷಯವಾಗಿ ಪರಿಣಮಿಸಿದ್ದ ಕಾಲ ಅದು.

ಮಯ್ಯರ ಮೇಲೆ ಅಚ್ಚೊತ್ತಿದ್ದು ಅಲ್ಲಿನ ಶುಚಿತ್ವ ಮತ್ತು ಕ್ರಮ. ಪಾಕವಿಧಾನವನ್ನು ಅವರು ಅಲ್ಲಿಂದ ತರಲಿಲ್ಲ. ತಮ್ಮ ತಿಂಡಿಗಳು ಯಾವುವು, ಅವುಗಳ ರುಚಿ ಹೇಗಿರಬೇಕು ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆ ತಿಂಡಿಗಳನ್ನು ತಯಾರಿಸುವ ಮತ್ತು ಬಡಿಸುವ ವಿಧಾನವನ್ನು ತಿದ್ದಬೇಕೆಂಬುದು ಪ್ರವಾಸದಿಂದ ಅವರು ಕಂಡುಕೊಂಡ ಪಾಠ.

ಅಡುಗೆಮನೆಯ ಸುಧಾರಣೆ

ಊರಿಗೆ ಮರಳಿದ ಬಳಿಕ ಮಯ್ಯರು ತಮ್ಮ ಉಪಾಹಾರ ಗೃಹದ ನೈರ್ಮಲ್ಯದ ಕ್ರಮವನ್ನು ಬದಲಿಸಿದರು. ತಟ್ಟೆ ಲೋಟಗಳನ್ನು ಹಬೆಯಿಂದ ಶುದ್ಧೀಕರಿಸುವ ವ್ಯವಸ್ಥೆಯನ್ನು ಜಾರಿಗೆ ತಂದರು. ಒಂದೇ ತೊಟ್ಟಿಯ ನೀರಿನಲ್ಲಿ ಎಂಜಲು ಲೋಟಗಳನ್ನು ಅದ್ದಿ ತೆಗೆಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆ. ಕಾಲರಾ, ವಿಷಮಶೀತಜ್ವರಗಳು ನೀರು ಮತ್ತು ಆಹಾರದ ಮೂಲಕ ಹರಡುತ್ತಿದ್ದ ದಿನಗಳಲ್ಲಿ ಹೊರಗಿನ ತಿಂಡಿ ಎಂದರೆ ಮನೆಯ ಹಿರಿಯರು ಅಂಜುತ್ತಿದ್ದುದಕ್ಕೆ ಮಡಿ ಮೈಲಿಗೆಯ ಕಾರಣವಷ್ಟೇ ಅಲ್ಲದೆ ಆರೋಗ್ಯದ ಕಾರಣವೂ ಇತ್ತು.

ಗ್ರಾಹಕರು ಅಡುಗೆಮನೆಯ ಮೂಲಕ ಹಾದು ಊಟದ ಕೋಣೆಗೆ ಬರಬೇಕೆಂಬ ನಿಯಮ ಈ ಸುಧಾರಣೆಗಳ ಪೈಕಿ ಹೆಚ್ಚು ಪ್ರಸಿದ್ಧವಾದದ್ದು. ಒಲೆಯ ಮುಂದೆ ದುಡಿಯುವವರು, ಬೇಯುತ್ತಿರುವ ಪದಾರ್ಥ, ತೊಳೆದಿಟ್ಟ ಪಾತ್ರೆ ಎಲ್ಲವೂ ಬಂದವರ ಕಣ್ಣಿಗೆ ಬೀಳುತ್ತಿತ್ತು. ಸಾಂಪ್ರದಾಯಿಕ ಮನೆಗಳಲ್ಲಿ ಅಡುಗೆಮನೆಯು ಹೊರಗಿನವರು ಇಣುಕಬಾರದ ಸ್ಥಳ. ಅಂತಹ ಸಂಪ್ರದಾಯದಲ್ಲಿಯೇ ಬೆಳೆದ ಅಡುಗೆಯವರೊಬ್ಬರು ಆ ಸ್ಥಳವನ್ನೇ ಸಾರ್ವಜನಿಕ ದಾರಿಯಾಗಿ ಮಾಡಿದರು. ಬ್ರಾಹ್ಮಣ ಎಂಬ ಶಬ್ದವು ನಾಮಫಲಕದ ಮೇಲೆ ನೀಡುತ್ತಿದ್ದ ಭರವಸೆಯನ್ನು ಇನ್ನು ಮುಂದೆ ಕಣ್ಣಿಗೆ ಕಾಣುವ ಶುಚಿತ್ವ ನೀಡತೊಡಗಿತು. ಭರವಸೆಯ ಆಧಾರವು ಅಡುಗೆಯವರ ಹುಟ್ಟಿನಿಂದ ಅಡುಗೆಯ ಕ್ರಮಕ್ಕೆ ಸರಿದ ಈ ಬದಲಾವಣೆ ಮಯ್ಯರ ಜೀವನದ ಮುಖ್ಯ ಸಾಧನೆಗಳಲ್ಲಿ ಒಂದು.

ಹೊಸ ಕಟ್ಟಡ, ಹೊಸ ಹೆಸರು

1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ ಮತ್ತು ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ಕಾರಣದಿಂದ ಭೇದ ಮಾಡುವುದನ್ನು ನಿಷೇಧಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಿತು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದರಾಸು ಹಾಗೂ ಕೊಡಗಿನ ಕನ್ನಡ ಪ್ರದೇಶಗಳು ಮೈಸೂರಿನೊಡನೆ ಒಂದಾಗಿ ಬೆಂಗಳೂರು ವಿಶಾಲ ರಾಜ್ಯವೊಂದರ ರಾಜಧಾನಿಯಾಯಿತು. ಮಯ್ಯರ ಹುಟ್ಟೂರೂ ಅವರು ನೆಲೆಸಿದ ನಗರವೂ ಒಂದೇ ರಾಜ್ಯದ ಒಳಗೆ ಬಂದವು. ಬೆಳಗಾವಿ, ಧಾರವಾಡ, ಕಲಬುರಗಿಯ ಕಡೆಯಿಂದ ಕಚೇರಿಯ ಕೆಲಸಕ್ಕೂ ವಿದ್ಯಾಭ್ಯಾಸಕ್ಕೂ ಜನ ರಾಜಧಾನಿಗೆ ಬರಲಾರಂಭಿಸಿದರು.

1960ರಲ್ಲಿ ಉಪಾಹಾರ ಗೃಹವು ಲಾಲ್‌ಬಾಗ್ ರಸ್ತೆಯಲ್ಲಿರುವ ಈಗಿನ ಸ್ಥಳಕ್ಕೆ ಬಂದಿತು. ಆಗ ಅದಕ್ಕೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೊಸ ಹೆಸರನ್ನಿಡಲಾಯಿತು. ಮಾವಳ್ಳಿ ಎಂಬುದು ಆ ಬಡಾವಣೆಯ ಹೆಸರು. ಜಾತಿಯ ಹೆಸರು ಹೋಗಿ ಊರಕೇರಿಯ ಹೆಸರು ಬಂದದ್ದು ಕೇವಲ ನಾಮಫಲಕದ ಬದಲಾವಣೆಯಾಗಿರದೆ ಕಾಲದ ಬದಲಾವಣೆಯ ಗುರುತೂ ಆಗಿತ್ತು. ಹೆಸರಿನ ಮೂರು ಆದ್ಯಕ್ಷರಗಳೇ ಮುಂದೆ ಜನರ ಬಾಯಲ್ಲಿ ನಿಂತವು.

ತಿಂಡಿಗಳು ಮತ್ತು ಉಪಚಾರ

ತುಪ್ಪದ ಬಟ್ಟಲಿನೊಡನೆ ಬರುವ ಮಸಾಲೆ ದೋಸೆ, ರವೆ ಇಡ್ಲಿ, ಖಾರಾಬಾತು ಹಾಗೂ ಬೆಳ್ಳಿಯ ಲೋಟದಲ್ಲಿ ನೀಡುವ ಕಾಫಿ ಎಂ.ಟಿ.ಆರ್.ನ ಹೆಗ್ಗುರುತುಗಳಾದವು. ಮೈದಾ ಹಿಟ್ಟಿನ ಪದರಗಳನ್ನು ಕರಿದು ಹಾಲಿನ ಸಿಹಿಪಾಕವನ್ನು ಸುರಿದು ಬಡಿಸುವ ಚಂದ್ರಹಾರವೂ ಇಲ್ಲಿನ ವಿಶೇಷ ಸಿಹಿ. ಮುಂಜಾನೆಯ ಹೊತ್ತು ಲಾಲ್‌ಬಾಗಿನಲ್ಲಿ ತಿರುಗಾಡಿ ಬಂದವರು, ಕಚೇರಿಗೆ ಹೋಗುವವರು, ಲೇಖಕರು, ರಾಜಕಾರಣಿಗಳು ಬಾಗಿಲಲ್ಲಿ ಕಾದು ನಿಲ್ಲುವುದು ನಗರಜೀವನದ ಪರಿಚಿತ ನೋಟವಾಯಿತು. ಪದಾರ್ಥಗಳ ಪಟ್ಟಿಯನ್ನು ಹಿಗ್ಗಿಸುವುದಕ್ಕಿಂತ ಇದ್ದ ಕೆಲವನ್ನೇ ಪ್ರತಿದಿನ ಒಂದೇ ಗುಣಮಟ್ಟದಲ್ಲಿ ಕೊಡುವುದು ಸಂಸ್ಥೆಯ ರೀತಿಯಾಗಿತ್ತು.

ನಿಧನ

ಯಜ್ಞನಾರಾಯಣ ಮಯ್ಯರು 1968ರಲ್ಲಿ ನಿಧನ ಹೊಂದಿದರು. ಉಪಾಹಾರ ಮಂದಿರದ ಹೊಣೆ ಕುಟುಂಬದ ಮುಂದಿನ ತಲೆಮಾರಿನ ಹರಿಶ್ಚಂದ್ರ ಮಯ್ಯರಿಗೆ ಬಂದಿತು. ಅಣ್ಣಂದಿರು ಹಚ್ಚಿದ ಸಣ್ಣ ಒಲೆಯನ್ನು ನಗರದ ಒಂದು ಸಂಸ್ಥೆಯಾಗಿ ಬೆಳೆಸಿದ ಯಜ್ಞನಾರಾಯಣರು, ಅದೇ ಅಡುಗೆಮನೆಯ ತಿಂಡಿ ಪೊಟ್ಟಣದಲ್ಲಿ ಮಾರಾಟವಾಗುವುದನ್ನು ಕಾಣಲಿಲ್ಲ.

ನಿಧನಾನಂತರದ ಬೆಳವಣಿಗೆ

1975ರ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆ ಅವಧಿಯಲ್ಲಿ ಹೋಟೆಲುಗಳು ಸರಕಾರ ಗೊತ್ತುಪಡಿಸಿದ ಅತಿ ಕಡಿಮೆ ಬೆಲೆಗೆ ತಿಂಡಿಗಳನ್ನು ಮಾರಬೇಕೆಂಬ ನಿಯಂತ್ರಣ ಬಂದಿತು. ಜನಸಾಮಾನ್ಯರಿಗೆ ಅಗ್ಗದಲ್ಲಿ ಆಹಾರ ದೊರೆಯಲೆಂಬುದು ಅದರ ಉದ್ದೇಶ. ಆದರೆ ತುಪ್ಪ, ಗೋಡಂಬಿ, ಒಳ್ಳೆಯ ಕಾಫಿಬೀಜಗಳನ್ನು ಬಳಸುವ ಅಡುಗೆಮನೆಗೆ ಆ ಬೆಲೆಯಲ್ಲಿ ಅಸಲೂ ಹುಟ್ಟುತ್ತಿರಲಿಲ್ಲ. ಗುಣಮಟ್ಟವನ್ನು ಇಳಿಸಿ ನಡೆಸುವುದು ಒಂದು ದಾರಿ, ಬಾಗಿಲು ಮುಚ್ಚುವುದು ಇನ್ನೊಂದು. ಮಯ್ಯರ ಕುಟುಂಬ ಎರಡನೆಯದನ್ನು ಆರಿಸಿಕೊಂಡಿತು.

ದುಡಿಯುವ ಕೈಗಳಿಗೆ ಕೆಲಸ ಕೊಡಬೇಕಾಗಿತ್ತು. ತಿಂಡಿಯ ಬೆಲೆಗೆ ಮಿತಿ ಇದ್ದರೂ ತಿಂಡಿಯ ಸಾಮಗ್ರಿಯನ್ನು ಹದಗೊಳಿಸಿ ಮಾರಲು ಅವಕಾಶವಿತ್ತು. ರವೆ ಇಡ್ಲಿಯ ಮಿಶ್ರಣ, ಸಾರಿನ ಪುಡಿ, ಚಟ್ನಿಪುಡಿಗಳಂತಹ ಪದಾರ್ಥಗಳ ಮಾರಾಟ ಹೀಗೆ ಶುರುವಾಗಿ 1976ರಲ್ಲಿ ದಿಢೀರ್ ಆಹಾರದ ವಿಭಾಗ ರೂಪುಗೊಂಡಿತು. ಕುಟುಂಬದ ಪಿ. ಸದಾನಂದ ಮಯ್ಯರು ಈ ವಿಭಾಗವನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದರು. ಮುಂದೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನವನ್ನು ಪಡೆದು, ಬೇಯಿಸಿದ ಪದಾರ್ಥವನ್ನು ಗಾಳಿಯಾಡದ ಲಕೋಟೆಯಲ್ಲಿ ಮುಚ್ಚಿ ಒತ್ತಡದ ಹಬೆಯಲ್ಲಿ ಕಾಯಿಸಿ ಕೆಡದಂತೆ ಇಡುವ ಸಿದ್ಧ ಆಹಾರಗಳೂ ಬಂದವು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಾರ್ಖಾನೆ ನೆಲೆಗೊಂಡಿತು. ಇತ್ತ ಮುಚ್ಚಿದ್ದ ಉಪಾಹಾರ ಮಂದಿರವು 1980ರ ದಶಕದಲ್ಲಿ ಮತ್ತೆ ತೆರೆಯಿತು.

2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯು ಎಂ.ಟಿ.ಆರ್. ಫುಡ್ಸ್ ಕಂಪನಿಯನ್ನು ಕೊಂಡುಕೊಂಡಿತು. ಲಾಲ್‌ಬಾಗ್ ರಸ್ತೆಯ ಉಪಾಹಾರ ಮಂದಿರ ಮತ್ತು ಅದರ ಶಾಖೆಗಳು ಈ ಮಾರಾಟದಲ್ಲಿ ಸೇರದೆ ಮಯ್ಯರ ಕುಟುಂಬದಲ್ಲಿಯೇ ಉಳಿದವು. ಹೀಗೆ ಒಂದೇ ಹೆಸರಿನ ಅಡಿಯಲ್ಲಿ ಕಾರ್ಖಾನೆ ಮತ್ತು ಅಡುಗೆಮನೆ ಬೇರೆ ಬೇರೆ ಒಡೆತನದಲ್ಲಿ ನಡೆಯುತ್ತಿವೆ.

ಇತರ ತಿನಿಸುಗಳೊಂದಿಗೆ ಹೋಲಿಕೆ

ಅಭಾವವು ಹೊಸ ತಿನಿಸಿಗೆ ಜನ್ಮ ನೀಡಿದ ನಿದರ್ಶನಗಳು ಬೇರೆ ದೇಶಗಳಲ್ಲಿಯೂ ಇವೆ. ಯುದ್ಧಾನಂತರದ ಜಪಾನಿನ ಆಹಾರದ ಕೊರತೆಯನ್ನೂ ಅಮೆರಿಕದಿಂದ ಬಂದ ಗೋಧಿಯನ್ನೂ ಕಂಡ ಮೊಮೊಫುಕು ಆಂಡೊ 1958ರಲ್ಲಿ ದಿಢೀರ್ ನೂಡಲ್ಸನ್ನು ಮಾರುಕಟ್ಟೆಗೆ ತಂದರು. ಅಕ್ಕಿಯನ್ನು ನೆಚ್ಚಿದ ಎರಡು ಸಮಾಜಗಳು ಗೋಧಿಯತ್ತ ತಿರುಗಿದಾಗ ಒಂದೆಡೆ ನೂಡಲ್ಸು, ಇನ್ನೊಂದೆಡೆ ರವೆ ಇಡ್ಲಿ ಜನಪ್ರಿಯವಾದವು. ಭಾರತದಲ್ಲಿ ಒಣಮಿಶ್ರಣದ ಉದ್ಯಮಕ್ಕೆ ಕೈಹಾಕಿದವರಲ್ಲಿ ಎಂ.ಟಿ.ಆರ್. ಮೊದಲನೆಯದಲ್ಲ. ಪುಣೆಯ ಗಿಟ್ಸ್ ಸಂಸ್ಥೆ 1963ರಲ್ಲಿಯೇ ಆರಂಭವಾಗಿತ್ತು. ಆದರೆ ಹೆಸರಾಂತ ಉಪಾಹಾರ ಮಂದಿರವೊಂದರ ರುಚಿಯೇ ಪೊಟ್ಟಣದ ಮುದ್ರೆಯಾದದ್ದು ಎಂ.ಟಿ.ಆರ್.ನ ವೈಶಿಷ್ಟ್ಯ.

ಉತ್ತರ ಕರ್ನಾಟಕದ ಪ್ರಸಿದ್ಧ ತಿನಿಸುಗಳ ಇತಿಹಾಸ ಬೇರೆ ಬಗೆಯದು. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕ ಹಾಗೂ ಅಮೀನಗಡದ ಕರದಂಟು ಇವು ಊರಿನ ಹೆಸರನ್ನು ಹೊತ್ತುಕೊಂಡೇ ಪ್ರಸಿದ್ಧವಾದವು. ಧಾರವಾಡ ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಪೇಡೆ ಮತ್ತು ಕುಂದಾ ಹಾಲಿನ ಪದಾರ್ಥಗಳಾದುದರಿಂದ ಬಹುದಿನ ಬಾಳುವುದಿಲ್ಲ. ಅಂಟು, ಬೆಲ್ಲ, ಒಣಹಣ್ಣುಗಳ ಕರದಂಟು ಬಾಳುತ್ತದೆಯಾದರೂ ಅದರ ಪಾಕದ ಹದ ಇಂದಿಗೂ ಕುಶಲಿಗಳ ಕೈಯಲ್ಲಿದೆ. ಇವುಗಳನ್ನು ಕೊಳ್ಳುವವರು ಸಿದ್ಧವಾದ ತಿನಿಸನ್ನು ಕೊಳ್ಳುತ್ತಾರೆ. ರವೆ ಇಡ್ಲಿಯ ಪೊಟ್ಟಣವನ್ನು ಕೊಳ್ಳುವವರಾದರೋ ಅರ್ಧ ಮುಗಿದ ಅಡುಗೆಯನ್ನು ಕೊಂಡು ಉಳಿದರ್ಧವನ್ನು ತಮ್ಮ ಮನೆಯ ಮೊಸರು, ತಮ್ಮ ಮನೆಯ ಒಲೆಯಿಂದ ಪೂರೈಸುತ್ತಾರೆ.

ಗೋಧಿಯೂ ರವೆಯೂ ಈ ಭಾಗಕ್ಕೆ ಹೊಸವಲ್ಲ. ಹಿಂದೆ ಸಂಪಗಾಂವ ತಾಲ್ಲೂಕು ಎಂದು ಕರೆಯಲಾಗುತ್ತಿದ್ದ ಬೈಲಹೊಂಗಲದ ಸೀಮೆಯಲ್ಲಿಯೂ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿಯೂ ಗೋಧಿ ಹುಗ್ಗಿ, ಸಜ್ಜಕ, ಉಪ್ಪಿಟ್ಟುಗಳು ಹಬ್ಬಹರಿದಿನಗಳ ಹಾಗೂ ಬೀಗರ ಉಪಚಾರದ ಅಡುಗೆಗಳು. ಜೋಳದ ರೊಟ್ಟಿ ನಿತ್ಯದ ಆಹಾರವಾದ ಈ ನಾಡಿನಲ್ಲಿ ಅಕ್ಕಿ ಇಡ್ಲಿಯು ಬಹುಕಾಲ ಹೋಟೆಲಿನ ತಿಂಡಿಯಾಗಿಯೇ ಇತ್ತು. ಹಿಟ್ಟನ್ನು ರುಬ್ಬಿ ಹುದುಗಿಸುವ ರೂಢಿಯಿಲ್ಲದ ಮನೆಗಳಿಗೆ ರವೆ ಇಡ್ಲಿಯು ಸುಲಭವಾಗಿ ಒಗ್ಗಿತು.

ಮಹತ್ವ

ಯಜ್ಞನಾರಾಯಣ ಮಯ್ಯರ ಜೀವನವು ಕರ್ನಾಟಕದ ಉಪಾಹಾರ ಸಂಸ್ಕೃತಿಯ ಮೂರು ಘಟ್ಟಗಳನ್ನು ಜೋಡಿಸುತ್ತದೆ. ಮೊದಲನೆಯದು ಮನೆ ಮತ್ತು ದೇವಾಲಯಗಳ ಅಡುಗೆ ನಗರದ ಉಪಾಹಾರ ಗೃಹಕ್ಕೆ ಬಂದದ್ದು. ಎರಡನೆಯದು ಆ ಉಪಾಹಾರ ಗೃಹ ಜಾತಿಯ ಗುರುತನ್ನು ಕಳಚಿ, ಶುಚಿತ್ವ ಮತ್ತು ಏಕರೂಪದ ಗುಣಮಟ್ಟವನ್ನು ತನ್ನ ಗುರುತಾಗಿ ಮಾಡಿಕೊಂಡದ್ದು. ಮೂರನೆಯದು ಆ ಗುಣಮಟ್ಟವೇ ಪೊಟ್ಟಣದೊಳಗೆ ಸೇರಿ ದೂರದ ಊರುಗಳಿಗೆ ಪ್ರಯಾಣ ಮಾಡಿದ್ದು. ಮೊದಲೆರಡು ಘಟ್ಟಗಳು ಅವರ ಜೀವಿತಕಾಲದಲ್ಲಿ ನಡೆದವು, ಮೂರನೆಯದಕ್ಕೆ ಅವರ ಅಡುಗೆಮನೆ ನೆಲೆ ಒದಗಿಸಿತು.

ಸಾಮೂಹಿಕವಾಗಿ ತಯಾರಾದ ತಿನಿಸಿನ ಬಗ್ಗೆ ಸಹಜವಾದ ಆಕ್ಷೇಪಣೆಗಳೂ ಉಂಟು. ಪೊಟ್ಟಣದ ಮಿಶ್ರಣವು ಊರೂರಿನ, ಮನೆಮನೆಯ ಕೈರುಚಿಯನ್ನು ಅಳಿಸಿ ಎಲ್ಲೆಡೆ ಒಂದೇ ರುಚಿಯನ್ನು ನೆಲೆಗೊಳಿಸುತ್ತದೆ ಎಂಬುದು ಒಂದು. ದಿಢೀರ್ ಅಡುಗೆಯಿಂದ ರುಬ್ಬುವ, ಹುದುಗಿಸುವ ಕುಶಲತೆ ಮರೆಯಾಗುತ್ತದೆ ಎಂಬುದು ಇನ್ನೊಂದು. ಇವುಗಳಲ್ಲಿ ಸತ್ಯಾಂಶವಿದೆ. ಅದೇ ಸಮಯದಲ್ಲಿ, ನಸುಕಿನಲ್ಲೆದ್ದು ರುಬ್ಬುಕಲ್ಲಿನ ಮುಂದೆ ಕೂರುತ್ತಿದ್ದ ಗೃಹಿಣಿಯರ ಶ್ರಮ ಕಡಿಮೆಯಾದದ್ದು, ಪರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ತವರಿನ ತಿಂಡಿ ಕೈಗೆಟುಕಿದ್ದು ಕೂಡ ನಿಜ. ಮಯ್ಯರು ಬಿಟ್ಟುಹೋದ ಉಪಾಹಾರ ಮಂದಿರದಲ್ಲಿ ಇಂದಿಗೂ ದೋಸೆಯನ್ನು ಕೈಯಿಂದಲೇ ಹೊಯ್ಯಲಾಗುತ್ತದೆ. ಅದರ ಹೆಸರು ಹೊತ್ತ ಪೊಟ್ಟಣಗಳು ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಹೋಗಿವೆ.